ಸಣ್ಣ ಕಾಲೇಜೋ, ಖಾಲಿಯಾಗುತ್ತಿರುವ ಕಾಲೇಜೋ

ಸಿಇಟಿ ಫಲಿತಾಂಶ ಬಂದ ವಾರದಿಂದ ಹಿಡಿದು ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ಹಾಕುವ ಆಪ್ಷನ್ ಎಂಟ್ರಿ ಮುಗಿಯುವ ತನಕ ಮನೆಮನೆಯಲ್ಲೂ ಇದೇ ಚರ್ಚೆ. ಬಂದಿರುವ ರ‍್ಯಾಂಕಿಗೆ ಬೆಂಗಳೂರಿನ ಹೆಸರುವಾಸಿ ಕಾಲೇಜು ಎಟುಕುವುದಿಲ್ಲ. ಜಿಲ್ಲಾ ಕೇಂದ್ರದಲ್ಲೋ ಹೆದ್ದಾರಿ ಪಕ್ಕದ ತಾಲ್ಲೂಕಿನಲ್ಲೋ ಇರುವ ಸಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೇಳಿದ ಬ್ರಾಂಚೇ ಸಿಗುತ್ತದೆ. ಸೇರಬಹುದಾ? ಈ ಪ್ರಶ್ನೆಗೆ ಸಿಗುವ ಉತ್ತರಗಳು ಎರಡೇ. 'ಅಯ್ಯೋ, ಆ ಕಾಲೇಜಾ, ಬೇಡಪ್ಪ' ಅನ್ನುವುದು ಒಂದು. 'ಓದುವ ಹುಡುಗ ಎಲ್ಲಿದ್ದರೂ ಓದುತ್ತಾನೆ ಬಿಡಿ' ಅನ್ನುವುದು ಇನ್ನೊಂದು. ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಎರಡರಲ್ಲಿ ಯಾವುದೂ ಆ ಹುಡುಗನ ಕೆಲಸಕ್ಕೆ ಬರುವುದಿಲ್ಲ. ಮೊದಲನೆಯದು ಕಾಲೇಜಿನ ಒಳಗೆ ಏನಿದೆ ಅಂತ ನೋಡುವುದೇ ಇಲ್ಲ. ಎರಡನೆಯದು ನೋಡುವ ಅಗತ್ಯವೇ ಇಲ್ಲ ಅನ್ನುತ್ತದೆ, ಅದು ಇನ್ನೂ ಅಪಾಯದ ಮಾತು. ಚೆನ್ನಾಗಿ ಓದುವ ಹುಡುಗನೇ ಮೇಷ್ಟ್ರಿಲ್ಲದ ಲ್ಯಾಬಿನಲ್ಲಿ ನಾಲ್ಕು ವರ್ಷ ಕಳೆದು, ಕೊನೆಗೆ ತನ್ನ ಬುದ್ಧಿಯ ಮೇಲೇ ಅನುಮಾನ ಪಡುವ ಸ್ಥಿತಿಗೆ ಬರುವುದುಂಟು.

ನಾವು 'ಸಣ್ಣ ಕಾಲೇಜು' ಅನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೇವೆ. ಒಂದು, ಮೊದಲಿನಿಂದಲೂ ಸಣ್ಣದಾಗಿ ನಡೆದುಕೊಂಡು ಬಂದ ಕಾಲೇಜು: ಮೂರು ನಾಲ್ಕು ಬ್ರಾಂಚ್, ಒಂದೊಂದು ಸೆಕ್ಷನ್, ಸೀಟುಗಳು ಬಹುಪಾಲು ತುಂಬುತ್ತವೆ, ಹತ್ತು ವರ್ಷದಿಂದ ಅದೇ ಮೇಷ್ಟ್ರುಗಳು. ಇನ್ನೊಂದು, ದೊಡ್ಡದಾಗಲೆಂದು ಕಟ್ಟಿ, ಮಕ್ಕಳು ಬಾರದೆ ವರ್ಷವರ್ಷ ಬರಿದಾಗುತ್ತಿರುವ ಕಾಲೇಜು. ಹೊರಗಿನಿಂದ ನೋಡಿದರೆ ಎರಡನೆಯದರ ಕಟ್ಟಡವೇ ಚಂದ. ಮೊದಲನೆಯದಕ್ಕೆ ಧೈರ್ಯವಾಗಿ ಸೇರಬಹುದು, ಕೆಲವು ಮಕ್ಕಳಿಗಂತೂ ದೊಡ್ಡ ಕಾಲೇಜಿಗಿಂತ ಅದೇ ಮೇಲು. ಎರಡನೆಯದರಿಂದ ದೂರವಿರಬೇಕು. ಯಾವುದು ಯಾವುದೆಂದು ಕಂಡುಹಿಡಿಯಲು ಬೇಕಾದ ದಾಖಲೆ ಹೆಚ್ಚುಕಡಿಮೆ ಎಲ್ಲವೂ ಸಾರ್ವಜನಿಕವಾಗಿಯೇ ಇವೆ.

ಮಕ್ಕಳು ನಿಜಕ್ಕೂ ಎಷ್ಟಿದ್ದಾರೆ

ಮೊದಲು ತಿಳಿಯಬೇಕಾದ್ದು ಸೀಟು ಎಷ್ಟು ಮಂಜೂರಾಗಿದೆ, ಅದರಲ್ಲಿ ತುಂಬುವುದೆಷ್ಟು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಕೊಡುವ ಅನುಮೋದನೆ ಪತ್ರದಲ್ಲಿ ಬ್ರಾಂಚ್‌ವಾರು ಸೀಟಿನ ಸಂಖ್ಯೆ ಇರುತ್ತದೆ, ಕಾಲೇಜಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ತುಂಬಿದ್ದೆಷ್ಟು ಅನ್ನುವುದನ್ನು ಕಾಲೇಜಿನವರು ಬಾಯಿಬಿಟ್ಟು ಹೇಳದಿರಬಹುದು. ಅದಕ್ಕೆ ಯುಎಸ್‌ಎನ್ ಇದೆ, ಅಂದರೆ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯು ಪ್ರತಿ ವಿದ್ಯಾರ್ಥಿಗೂ ಕೊಡುವ ನೋಂದಣಿ ಸಂಖ್ಯೆ. ಅದರ ಮೊದಲ ಅಂಕಿ ಪ್ರದೇಶದ್ದು: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ಬ್ರಾಂಚಿನ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ನಿಮಗೆ ಬೇಕಾದ ಬ್ರಾಂಚಿನ ಎರಡನೇ ವರ್ಷದ ಹುಡುಗನನ್ನು 'ನಿಮ್ಮ ಕ್ಲಾಸಿನ ಕೊನೆಯ ಯುಎಸ್‌ಎನ್ ಎಷ್ಟು?' ಅಂತ ಕೇಳಿ. 60 ಸೀಟಿನ ಬ್ರಾಂಚಿನಲ್ಲಿ ಅದು 055ರ ಹತ್ತಿರ ಇದ್ದರೆ ಸರಿ. 019ಕ್ಕೇ ಮುಗಿದಿದ್ದರೆ ಮುಂದಿನ ಪ್ರಶ್ನೆಗಳನ್ನು ಗಟ್ಟಿಯಾಗಿಯೇ ಕೇಳಬೇಕಾಗುತ್ತದೆ.

400ರಿಂದ ಶುರುವಾಗುವ ಸಂಖ್ಯೆಗಳನ್ನು ಬೇರೆಯಾಗಿ ಎಣಿಸಿ. ಅವರು ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ನೇರವಾಗಿ ಎರಡನೇ ವರ್ಷಕ್ಕೆ ಬಂದವರು. ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳಿಗೂ ಇವರನ್ನು ತೆಗೆದುಕೊಳ್ಳಲು ಅವಕಾಶ ಇರುವುದರಿಂದ ಸಣ್ಣ ಕಾಲೇಜುಗಳ ಮೆಕ್ಯಾನಿಕಲ್, ಸಿವಿಲ್ ತರಗತಿಗಳಲ್ಲಿ ಅರ್ಧದಷ್ಟು ಡಿಪ್ಲೊಮಾದವರೇ ಇರುವುದೂ ಉಂಟು. ಇದರಿಂದ ನಷ್ಟವೇನಿಲ್ಲ, ಲಾಭವೇ ಇದೆ. ಲೇತ್ ಮುಂದೆ, ಸರ್ವೆ ಫೀಲ್ಡಿನಲ್ಲಿ ಅವರಿಗೆ ಕೈ ಪಳಗಿರುತ್ತದೆ, ಗಣಿತದಲ್ಲಿ ಮಾತ್ರ ತಡವರಿಸುತ್ತಾರೆ. ಪಿಯುಸಿಯಿಂದ ಬಂದವರದು ಇದಕ್ಕೆ ತದ್ವಿರುದ್ಧ. ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ಪರಸ್ಪರ ಕಲಿಸಿಕೊಳ್ಳುವುದು ಸಣ್ಣ ತರಗತಿಯಲ್ಲಿ ತಾನಾಗಿಯೇ ನಡೆಯುತ್ತದೆ.

ಸಂಖ್ಯೆಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ವಿಟಿಯು ನಿಯಮದ ಪ್ರಕಾರ ಒಂದು ಪ್ರೊಫೆಷನಲ್ ಎಲೆಕ್ಟಿವ್ (ಮಕ್ಕಳೇ ಆರಿಸಿಕೊಳ್ಳುವ ಐಚ್ಛಿಕ ವಿಷಯ) ನಡೆಸಲು ಕನಿಷ್ಠ 10 ಮಕ್ಕಳು ಅದನ್ನು ಆರಿಸಿಕೊಂಡಿರಬೇಕು (ಬ್ರಾಂಚಿನ ಒಟ್ಟು ಸಂಖ್ಯೆಯೇ 10ಕ್ಕಿಂತ ಕಡಿಮೆಯಿದ್ದರೆ ಮಾತ್ರ ವಿನಾಯಿತಿ). ತರಗತಿಯಲ್ಲಿ 18 ಜನ ಇದ್ದರೆ ಸಿಲಬಸ್ ಪುಸ್ತಕದಲ್ಲಿ ನಾಲ್ಕು ಎಲೆಕ್ಟಿವ್ ಕಂಡರೂ ನಡೆಯುವುದು ಒಂದೇ. ಅದು ಯಾವುದೆಂದು ತೀರ್ಮಾನಿಸುವುದು ಮಕ್ಕಳ ಆಸಕ್ತಿಯಲ್ಲ, ಇರುವ ಮೇಷ್ಟ್ರಿಗೆ ಯಾವುದು ಪಾಠ ಮಾಡಲು ಬರುತ್ತದೆ ಅನ್ನುವುದು. ಹೀಗೇ ಎರಡು ಮೂರು ವರ್ಷ ಸೀಟು ತುಂಬದಿದ್ದರೆ ಆಡಳಿತ ಮಂಡಳಿ ಆ ಬ್ರಾಂಚಿನ ಸೀಟು ಕಡಿಮೆ ಮಾಡುತ್ತದೆ ಅಥವಾ ಬ್ರಾಂಚನ್ನೇ ಮುಚ್ಚಲು ಅರ್ಜಿ ಹಾಕುತ್ತದೆ. ಸೇರಿರುವ ಮಕ್ಕಳಿಗೆ ಪದವಿ ಸಿಕ್ಕೇ ಸಿಗುತ್ತದೆ. ಆದರೆ ಮುಚ್ಚಲಿರುವ ವಿಭಾಗಕ್ಕೆ ಹೊಸ ಉಪಕರಣ ಯಾರೂ ತರಿಸುವುದಿಲ್ಲ, ಬಿಟ್ಟುಹೋದ ಮೇಷ್ಟ್ರ ಜಾಗಕ್ಕೆ ಯಾರೂ ಬರುವುದಿಲ್ಲ.

ಸಿಇಟಿ ನಡೆಸಿ ಸೀಟು ಹಂಚುವ ಕೆಇಎಯ ವೆಬ್‌ಸೈಟಿನಲ್ಲಿರುವ ಹಿಂದಿನ ವರ್ಷಗಳ ಕಟ್‌ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕು) ಪಟ್ಟಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಬಹಳ ಜನ ಅದರಲ್ಲಿ 'ನನಗೆ ಸಿಗುತ್ತಾ' ಅನ್ನುವುದನ್ನಷ್ಟೇ ಹುಡುಕುತ್ತಾರೆ. ಮೂರು ವರ್ಷದ ಕೊನೆಯ ಸುತ್ತಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಕಾಲೇಜಿನ ಒಂದೇ ಬ್ರಾಂಚಿನ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ. ರ‍್ಯಾಂಕು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದರೆ ಸುತ್ತಲಿನ ಜನಕ್ಕೆ ಆ ಕಾಲೇಜಿನ ಮೇಲೆ ನಂಬಿಕೆ ಇದೆ ಅಂತ. ವರ್ಷದಿಂದ ವರ್ಷಕ್ಕೆ ದೂರ ಜಾರುತ್ತಿದ್ದರೆ, ಅಥವಾ ಕಾಲಂಗಳಲ್ಲಿ ಬರೀ ಗೆರೆಗಳೇ ಇದ್ದರೆ, ಅಲ್ಲಿಗೆ ಯಾರೂ ಹೋಗುತ್ತಿಲ್ಲ. ಕಲ್ಯಾಣ ಕರ್ನಾಟಕದವರು ಇಲ್ಲೊಂದು ವಿಷಯ ಗಮನದಲ್ಲಿಡಬೇಕು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಆ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್, ಉಳಿದ ಕಡೆ 8 ಪರ್ಸೆಂಟ್ ಸೀಟು ಅವರಿಗೆ ಮೀಸಲು. ಅದರ ಕಟ್‌ಆಫ್ ಬೇರೆಯಾಗಿ ಪ್ರಕಟವಾಗುತ್ತದೆ. ಸಾಮಾನ್ಯ ಪಟ್ಟಿ ನೋಡಿ ಕೈಚೆಲ್ಲುವ ಮಕ್ಕಳು ಪ್ರತಿವರ್ಷ ಇರುತ್ತಾರೆ.

ವಿಭಾಗ ನಿಂತಿರುವುದು ಐದಾರು ಜನರ ಮೇಲೆ

ದೊಡ್ಡ ಕಾಲೇಜಿನಲ್ಲಿ ಇಬ್ಬರು ಒಳ್ಳೆಯ ಮೇಷ್ಟ್ರು ಬಿಟ್ಟುಹೋದರೆ ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಸಣ್ಣ ಕಾಲೇಜಿನಲ್ಲಿ ಆ ಇಬ್ಬರೇ ವಿಭಾಗ. ಆದ್ದರಿಂದ ಕಾಲೇಜು ನೋಡುವುದು ಅಂದರೆ ಅಲ್ಲಿ ಉಳಿದುಕೊಂಡಿರುವ ಐದಾರು ಜನರನ್ನು ನೋಡುವುದು. ಉಳಿದದ್ದೆಲ್ಲ ಆಮೇಲೆ.

ಲೆಕ್ಕ ಹೀಗಿದೆ. ಎಐಸಿಟಿಇ ಪ್ರಕಾರ 20 ಮಕ್ಕಳಿಗೆ ಒಬ್ಬ ಮೇಷ್ಟ್ರು. ಮೊದಲ ವರ್ಷದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದವರನ್ನು ಬಿಟ್ಟು, 60 ಸೀಟಿನ ಒಂದು ಬ್ರಾಂಚಿನ ಉಳಿದ ಮೂರು ವರ್ಷದ 180 ಮಕ್ಕಳಿಗೆ 9 ಜನ ಬೇಕು: ಒಬ್ಬರು ಪ್ರೊಫೆಸರ್, ಇಬ್ಬರು ಅಸೋಸಿಯೇಟ್, 6 ಜನ ಅಸಿಸ್ಟೆಂಟ್ ಪ್ರೊಫೆಸರ್. ಕಾಲೇಜಿನ ವೆಬ್‌ಸೈಟಿನಲ್ಲಿ 'ಮ್ಯಾಂಡೇಟರಿ ಡಿಸ್‌ಕ್ಲೋಷರ್' ಅನ್ನುವ ಕಡತ ಇರಲೇಬೇಕು. ಅದರಲ್ಲಿ ಬೋಧಕರ ಪಟ್ಟಿ ಇರುತ್ತದೆ. ಕಾಲೇಜು ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ್ದರೆ ಇನ್ನೂ ಅನುಕೂಲ, ಯಾಕೆಂದರೆ ಅಲ್ಲಿ ಸಲ್ಲಿಸಿದ ಮಾಹಿತಿಯನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲೂ ಹಾಕಬೇಕು. ಅದರಲ್ಲಿ ಪ್ರತಿಯೊಬ್ಬ ಬೋಧಕರ ಓದು, ಅನುಭವ, ಕಾಲೇಜಿಗೆ ಸೇರಿದ ದಿನಾಂಕ ಎಲ್ಲವೂ ಇರುತ್ತವೆ. ನಮಗೆ ಮುಖ್ಯವಾದದ್ದು ಸೇರಿದ ದಿನಾಂಕ. ನಿಮ್ಮ ಬ್ರಾಂಚಿನ 9 ಜನರಲ್ಲಿ 5 ವರ್ಷ ದಾಟಿದವರು ಐದಾರು ಜನ ಇದ್ದಾರೆಯೇ? ಅಥವಾ ಮುಕ್ಕಾಲು ಪಾಲು ಜನ ಹೋದ ವರ್ಷ ಬಂದವರೇ? ಎರಡನೆಯದಾದರೆ ಸಂಬಳದ ತೊಂದರೆ ಇದ್ದರೂ ಇರಬಹುದು. ಸಂಬಳ ತಿಂಗಳುಗಟ್ಟಲೆ ತಡವಾಗುವ ಕಡೆ ಮೊದಲು ಬಿಡುವವರು ಚೆನ್ನಾಗಿ ಪಾಠ ಮಾಡುವವರೇ, ಅವರಿಗೆ ಬೇರೆ ಕಡೆ ಕೆಲಸ ಬೇಗ ಸಿಗುತ್ತದೆ.

ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳ ವಿಚಾರ ಸ್ವಲ್ಪ ಬೇರೆ. ಕುಶಾಲನಗರ, ಹಾವೇರಿ, ಕಾರವಾರ, ಹೂವಿನಹಡಗಲಿ, ಕೃಷ್ಣರಾಜಪೇಟೆ, ಚಳ್ಳಕೆರೆ ಇಂಥ ಊರುಗಳಲ್ಲಿ ಇರುವ ಈ ಕಾಲೇಜುಗಳು ಸಣ್ಣವು, ಶುಲ್ಕ ಕಡಿಮೆ. ಕಾಯಂ ಬೋಧಕರು ನೇಮಕಾತಿ ಪರೀಕ್ಷೆ ಪಾಸಾಗಿ ಬಂದವರು. ಇಲ್ಲಿ ಕೇಳಬೇಕಾದ ಪ್ರಶ್ನೆ ವರ್ಗಾವಣೆಯದು ಮತ್ತು ಅತಿಥಿ ಉಪನ್ಯಾಸಕರದು. ಎಷ್ಟು ವಿಷಯಗಳನ್ನು ಅತಿಥಿ ಉಪನ್ಯಾಸಕರು ಮಾಡುತ್ತಾರೆ, ಸೆಮಿಸ್ಟರ್ ಶುರುವಾದ ಎಷ್ಟು ವಾರಕ್ಕೆ ಅವರ ನೇಮಕ ಆಗುತ್ತದೆ ಅಂತ ಕೇಳಿ. ಐದನೇ ವಾರದಲ್ಲಿ ಬಂದ ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಹೊತ್ತಿಗೆ ಒಂದು ಮಾಡ್ಯೂಲ್ (ಪಠ್ಯದ ಒಂದು ಭಾಗ) ಮುಗಿಸುವುದೂ ಕಷ್ಟ.

ಪಾಠದ ಗುಣವನ್ನು ಅಳೆಯಲು ಒಂದು ನೇರವಾದ ದಾರಿ ಇದೆ. ವಿಟಿಯುಗೆ ಸೇರಿದ, ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ರಾಜ್ಯಕ್ಕೆಲ್ಲ ಒಂದೇ, ತಿದ್ದುವುದೂ ಹೊರಗಡೆ. ಇಂಟರ್ನಲ್ಸ್ ಮಾತ್ರ ಕಾಲೇಜಿನ ಕೈಯಲ್ಲಿ. ಫಲಿತಾಂಶದ ಹಾಳೆಯಲ್ಲಿ ಎರಡೂ 50ಕ್ಕೆ ಬೇರೆ ಬೇರೆ ಕಾಲಂನಲ್ಲಿ ಬರುತ್ತವೆ. 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಪಾಸಾಗಲು ಇಂಟರ್ನಲ್ಸ್‌ನಲ್ಲಿ 20, ಸೆಮಿಸ್ಟರ್ ಪರೀಕ್ಷೆಯಲ್ಲಿ 18, ಎರಡೂ ಸೇರಿ 40 ಬೇಕು. ಸೀನಿಯರ್‌ಗಳಲ್ಲಿ ಚುರುಕಾದವರೊಬ್ಬರು, ಸಾಧಾರಣದವರೊಬ್ಬರು ಸಿಕ್ಕರೆ ಅವರ ಫಲಿತಾಂಶ ತೋರಿಸಲು ಕೇಳಿ. ಇಂಟರ್ನಲ್ಸ್ 36, ಪರೀಕ್ಷೆ 32 ಇದ್ದರೆ ಅಲ್ಲಿ ಪ್ರಾಮಾಣಿಕವಾಗಿ ಪಾಠ ನಡೆಯುತ್ತಿದೆ. ವಿಷಯವಾದ ಮೇಲೆ ವಿಷಯ ಇಂಟರ್ನಲ್ಸ್ 48, ಪರೀಕ್ಷೆ 19 ಅಂತಿದ್ದರೆ ಕಾಲೇಜು ಅಂಕ ಕೊಟ್ಟು ಪಾಠವನ್ನು ಬಿಟ್ಟಿದೆ. ಸ್ವಾಯತ್ತ ಕಾಲೇಜಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಪತ್ರಿಕೆಯನ್ನೂ ಕಾಲೇಜೇ ತಯಾರಿಸುತ್ತದೆ. ಹೆಸರಿಲ್ಲದ ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ವಿಟಿಯುನ ಒಂದೇ ಪತ್ರಿಕೆ ದೊಡ್ಡ ಆಸರೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನವನು ಬರೆದ ಪ್ರಶ್ನೆಗಳನ್ನೇ ಬರೆದು ತೆಗೆದ ಅಂಕವನ್ನು ಯಾರೂ ಕಡಿಮೆ ಅನ್ನುವಂತಿಲ್ಲ.

ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಗಳು ಎರಡು: ನ್ಯಾಕ್ ದರ್ಜೆ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ. ಗೇಟಿನ ಫಲಕದ ಮೇಲೆ 'ಎನ್‌ಬಿಎ' ಅಂತ ದೊಡ್ಡದಾಗಿ ಬರೆದಿದ್ದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಿ. ಮೆಕ್ಯಾನಿಕಲ್‌ಗೆ ಸಿಕ್ಕ ಮಾನ್ಯತೆ ನಿನ್ನೆ ಶುರುವಾದ ಎಐ ಬ್ರಾಂಚಿಗೆ ಅನ್ವಯಿಸುವುದಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಲ್ಯಾಬು

ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುವ ವಾರಗಳಲ್ಲೇ ಕಾಲೇಜು ನೋಡಿ ಬರುವುದು ಒಳ್ಳೆಯದು. ಸೀಟು ಸಿಕ್ಕ ಮೇಲೆ ತೀರ್ಮಾನಕ್ಕೆ ಸಿಗುವುದು ಎರಡು ಮೂರು ದಿನ. ಆ ಗಡಿಬಿಡಿಯಲ್ಲಿ ಕಾಣುವುದು ಪ್ರವೇಶ ವಿಭಾಗದ ಕೌಂಟರ್ ಮಾತ್ರ. ತರಗತಿ ನಡೆಯುವ ದಿನ ಯಾವುದೆಂದು ಫೋನ್ ಮಾಡಿ ಕೇಳಿಕೊಂಡು, ಊಟ ಮುಗಿಸಿ ಎರಡು ಗಂಟೆಗೆ ಹೋಗಿ. ಮಧ್ಯಾಹ್ನ ಲ್ಯಾಬುಗಳ ಹೊತ್ತು. ಸೆಮಿನಾರ್ ಹಾಲ್, ಆಡಿಟೋರಿಯಂ ತೋರಿಸಲು ಬಂದವರಿಗೆ 'ಆಮೇಲೆ ನೋಡ್ತೀವಿ ಸರ್, ಮೊದಲು ಲ್ಯಾಬ್ ತೋರಿಸಿ' ಅನ್ನಿ.

ಎಲೆಕ್ಟ್ರಿಕಲ್ ಮೆಷಿನ್ಸ್ ಲ್ಯಾಬನ್ನೇ ತೆಗೆದುಕೊಳ್ಳಿ. ಡಿ.ಸಿ. ಶಂಟ್ ಮೋಟರಿನ ಸ್ಪೀಡ್ ಕಂಟ್ರೋಲ್ ಪ್ರಯೋಗ. 20 ಜನರ ಬ್ಯಾಚು, ನಡೆಯುವ ಸ್ಥಿತಿಯಲ್ಲಿರುವ ಮೋಟರು ಮೂರು. ಒಂದೊಂದರ ಸುತ್ತ ಆರೇಳು ಜನ. ಒಬ್ಬ ಕನೆಕ್ಷನ್ ಕೊಡುತ್ತಾನೆ, ಒಬ್ಬ ಟ್ಯಾಕೋಮೀಟರ್ ಹಿಡಿಯುತ್ತಾನೆ, ಒಬ್ಬಳು ರೀಡಿಂಗ್ ಬರೆದುಕೊಳ್ಳುತ್ತಾಳೆ, ಉಳಿದವರು ಅವಳ ಅಬ್ಸರ್ವೇಶನ್ ಪುಸ್ತಕ ನೋಡಿ ನಕಲು ಮಾಡಿಕೊಳ್ಳುತ್ತಾರೆ. ಸೆಮಿಸ್ಟರ್ ಪೂರ್ತಿ ಕನೆಕ್ಷನ್ ಕೊಡುವವನು ಅದೇ ಹುಡುಗ. ಈಗ 10 ಜನರ ಬ್ಯಾಚು, ಅದೇ ಮೂರು ಮೋಟರು. ಇಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ, ಪ್ರತಿಯೊಬ್ಬರೂ ವೈರು ಹಿಡಿಯಲೇಬೇಕು. ಶುರು ಮಾಡುವ ಮುಂಚೆ ಫೀಲ್ಡ್ ರಿಯೋಸ್ಟಾಟ್ (ವಿದ್ಯುತ್ ತಡೆಯನ್ನು ಹೆಚ್ಚುಕಡಿಮೆ ಮಾಡುವ ಉಪಕರಣ) ಕನಿಷ್ಠದಲ್ಲಿ, ಆರ್ಮೇಚರ್ ರಿಯೋಸ್ಟಾಟ್ ಗರಿಷ್ಠದಲ್ಲಿ ಇದೆಯಾ ಅಂತ ತಾನೇ ನೋಡಿ, ಸ್ಟಾರ್ಟರಿನ ಹಿಡಿಯನ್ನು ನಿಧಾನಕ್ಕೆ ಎಳೆದವಳಿಗೆ ಆ ಕ್ರಮ ಯಾಕೆ ಅನ್ನುವುದು ಮರೆಯುವುದಿಲ್ಲ. ಫೀಲ್ಡ್ ವೈರು ಸಡಿಲವಾದರೆ ಮೋಟರು ಹತೋಟಿ ಮೀರಿ ಓಡುತ್ತದೆ ಅನ್ನುವ ಸಾಲು ಪುಸ್ತಕದಲ್ಲೂ ಇದೆ. ಸ್ಕ್ರೂ ಬಿಗಿ ಮಾಡಿದ ಬೆರಳಿಗೆ ಅದು ಗೊತ್ತಿರುವ ಬಗೆಯೇ ಬೇರೆ. ಸಣ್ಣ ಕಾಲೇಜು ಕೊಡಬಹುದಾದ ನಿಜವಾದ ಲಾಭ ಇದು, ದೊಡ್ಡ ಕಾಲೇಜಿನ ಹೆಚ್ಚು ಮಕ್ಕಳಿಗೆ ಇದು ಸಿಗುವುದಿಲ್ಲ.

ಇದರ ಫಲ ಪರೀಕ್ಷೆಯ ದಿನ ಕಾಣುತ್ತದೆ. ಪ್ರತ್ಯೇಕ ಪರೀಕ್ಷೆ ಇರುವ ಲ್ಯಾಬುಗಳಲ್ಲಿ ಚೀಟಿ ಎತ್ತಿದ ಪ್ರಯೋಗ ಬಾರದಿದ್ದರೆ ಒಮ್ಮೆ ಬದಲಿಸಿಕೊಳ್ಳಬಹುದು, ಆದರೆ ಕಾರ್ಯವಿಧಾನಕ್ಕೆ ಇರುವ ಅಂಕ ಸೊನ್ನೆಯಾಗುತ್ತದೆ. ಎಲ್ಲ ಪ್ರಯೋಗವನ್ನೂ ಕೈಯಾರೆ ಮಾಡಿದವರಿಗೆ ಬದಲಿಸುವ ಪ್ರಮೇಯವೇ ಬರುವುದಿಲ್ಲ.

ಆದರೆ ಇದೆಲ್ಲ ಆಗಬೇಕಾದರೆ ಮೋಟರು ತಿರುಗಬೇಕು. ಬರಿದಾಗುತ್ತಿರುವ ಕಾಲೇಜು ಗೊತ್ತಾಗುವುದೂ ಲ್ಯಾಬಿನಲ್ಲೇ. ಉಪಕರಣದ ಮೇಲೆ ದೂಳು, ಪ್ಯಾನೆಲ್ ಬೋರ್ಡಿನಲ್ಲಿ ಕಿತ್ತುಬಂದ ಟರ್ಮಿನಲ್, 'ರಿಪೇರಿಗೆ ಹೋಗಿದೆ' ಅನ್ನುವ ಮಾತು, ಬಾಗಿಲಿಗೆ ಬೀಗ. ಕಂಪ್ಯೂಟರ್ ಲ್ಯಾಬಾದರೆ ಒಂದು ಸಾಲಿನಲ್ಲಿ ಎಷ್ಟು ಯಂತ್ರ ಆನ್ ಆಗಿವೆ ಎಣಿಸಿ, ಸಂಜೆ ನಾಲ್ಕೂವರೆ ಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಕೇಳಿ. ಲ್ಯಾಬಿನ ಇನ್‌ಸ್ಟ್ರಕ್ಟರನ್ನು ಮಾತನಾಡಿಸುವುದನ್ನು ಮಾತ್ರ ಮರೆಯಬೇಡಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಮೂರು ಸಲ ಬದಲಾದರೂ ಅವರು ಅಲ್ಲೇ ಇರುತ್ತಾರೆ. 'ಅಣ್ಣ, ಈ ಸೆಮಿಸ್ಟರ್ ಎಷ್ಟು ಪ್ರಯೋಗ ಆಯ್ತು?' ಅಂದರೆ ನಿಜವಾದ ಸಂಖ್ಯೆ ಹೇಳುತ್ತಾರೆ.

ಪ್ರಾಜೆಕ್ಟಿನ ಮಟ್ಟ ತಿಳಿಯಲೂ ಒಂದು ಗುರುತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ಆರಿಸಿ ಸಹಾಯಧನ ಕೊಡುತ್ತದೆ, ಆಯ್ಕೆಯಾದವುಗಳ ಪಟ್ಟಿ ಪ್ರಕಟಿಸುತ್ತದೆ. ನಿಮ್ಮ ಬ್ರಾಂಚಿನ ಒಂದೆರಡು ಪ್ರಾಜೆಕ್ಟು ಅದರಲ್ಲಿ ಆಗಾಗ ಬರುತ್ತಿದ್ದರೆ ಅಲ್ಲಿ ಮಕ್ಕಳ ಜೊತೆ ಕೂತು ಪ್ರಸ್ತಾವನೆ ಬರೆಸುವ ಮೇಷ್ಟ್ರು ಇದ್ದಾರೆ ಎಂದೇ ಅರ್ಥ. ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವ ಕಾಲೇಜಿನ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ.

ಕೆಲಸ, ದುಡ್ಡು

ಪ್ಲೇಸ್‌ಮೆಂಟ್ ವಿಷಯದಲ್ಲಿ ಸಣ್ಣ ಕಾಲೇಜು ಹಿಂದೆ ಇರುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 40 ಮಕ್ಕಳಿರುವ ಕಡೆಗೆ ಕಂಪನಿಯವರು ಇಡೀ ದಿನ ಕಳೆಯಲು ಬರುವುದಿಲ್ಲ. ಸಿಗುವುದು ಪೂಲ್ ಕ್ಯಾಂಪಸ್: ಹತ್ತಾರು ಕಾಲೇಜಿನವರನ್ನು ಒಂದು ಕಡೆ ಸೇರಿಸಿ ನಡೆಸುವ ಸಂದರ್ಶನ. ಅದಕ್ಕೆ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಹೈಯೆಸ್ಟ್ ಪ್ಯಾಕೇಜ್ ಎಷ್ಟು' ಅಲ್ಲ. ಹೋದ ವರ್ಷ ಈ ಬ್ರಾಂಚಿನಲ್ಲಿ ಪಾಸಾದವರು ಎಷ್ಟು ಜನ, ಅವರಲ್ಲಿ ಕಾಲೇಜಿನ ಮೂಲಕ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ ಅಂತ ಕೇಳಿ. ಸಿಕ್ಕ ಆಫರ್ ಎಷ್ಟು ಅಂತ ಕೇಳಬೇಡಿ, ಒಬ್ಬನಿಗೇ ಮೂರು ಆಫರ್ ಬಂದಿರಬಹುದು. 'ನೂರಕ್ಕೆ ನೂರು' ಅಂದರೆ ಯಾವ ನೂರು ಅಂತ ಕೇಳಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವವರನ್ನು, ಹೆಸರು ನೋಂದಾಯಿಸದವರನ್ನು ಬಿಟ್ಟು ಲೆಕ್ಕ ಹಾಕಿದ್ದರೂ ಹಾಕಿರಬಹುದು. ಎನ್‌ಐಆರ್‌ಎಫ್ ಕಡತ ಇದ್ದರೆ ಮೀಡಿಯನ್ ಸಂಬಳ ಅದರಲ್ಲೇ ಇರುತ್ತದೆ: ಎಲ್ಲರ ಸಂಬಳವನ್ನು ಸಾಲಾಗಿ ಬರೆದರೆ ನಡುವೆ ನಿಂತವನದು.

ಟಿಸಿಎಸ್‌ನ ಎನ್‌ಕ್ಯೂಟಿಯಂಥ ನೇಮಕಾತಿ ಪರೀಕ್ಷೆಗೆ, ಮೂರನೇ ವರ್ಷದಿಂದಲೇ ಬರೆಯಬಹುದಾದ ಗೇಟ್‌ಗೆ (ಎಂ.ಟೆಕ್ ಪ್ರವೇಶ ಪರೀಕ್ಷೆ) ಕಾಲೇಜಿನ ಹೆಸರು ಅಡ್ಡಬರುವುದಿಲ್ಲ. ಈ ದಾರಿಗಳನ್ನು ಮಕ್ಕಳಿಗೆ ಹೇಳಿಕೊಟ್ಟು ಅರ್ಜಿ ಹಾಕಿಸುವ ಒಬ್ಬ ಪ್ಲೇಸ್‌ಮೆಂಟ್ ಅಧಿಕಾರಿ ಇದ್ದರೆ ಸಣ್ಣ ಕಾಲೇಜಿಗೆ ಅವರೇ ದೊಡ್ಡ ಆಸ್ತಿ. ಬೋಧಕರೊಬ್ಬರಿಗೆ ಹೆಚ್ಚುವರಿ ಹೊಣೆಯಾಗಿ ಕೊಟ್ಟಿದ್ದಾರಾ, ಅದಕ್ಕೆಂದೇ ಜನ ಇದ್ದಾರಾ ನೋಡಿ. ಇಂಟರ್ನ್‌ಶಿಪ್ ಹೆಸರಿನಲ್ಲಿ ತರಬೇತಿ ಸಂಸ್ಥೆಯೊಂದಕ್ಕೆ ದುಡ್ಡು ಕಟ್ಟಿಸಿ ಸರ್ಟಿಫಿಕೇಟ್ ಕೊಡಿಸುವ ಪದ್ಧತಿ ಇದ್ದರೆ ಸೀನಿಯರ್‌ಗಳು ಮೊದಲ ಮಾತಿನಲ್ಲೇ ಹೇಳುತ್ತಾರೆ.

ಶುಲ್ಕದ ಬಗ್ಗೆ ಒಂದೇ ಎಚ್ಚರಿಕೆ. ಕೆಇಎ ಸೀಟಿನ ಶುಲ್ಕ ನಿಗದಿಯಾದದ್ದು. ಅದರ ಮೇಲೆ 'ಸ್ಕಿಲ್', 'ಅಭಿವೃದ್ಧಿ', 'ಇತರೆ' ಅಂತ ಕೇಳುವ ಮೊತ್ತವನ್ನು ನಾಲ್ಕೂ ವರ್ಷಕ್ಕೆ ಲೆಕ್ಕ ಹಾಕಿಸಿ, ಬರೆದು ಕೊಡಿ ಅನ್ನಿ, ಕಟ್ಟಿದ್ದಕ್ಕೆ ಕಾಲೇಜಿನ ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ವಾಪಸ್ ಕೊಡಬೇಕು.

ಯಾರಿಗೆ ಹೊಂದುತ್ತದೆ

ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿನ ಜೊತೆ ಗುದ್ದಾಡಿ ಬಂದ ಹುಡುಗಿ. ಅರ್ಥವಾಗದ್ದನ್ನು 60 ಜನರ ಮುಂದೆ ಕೇಳಲಾರಳು, 25 ಜನರ ತರಗತಿಯಲ್ಲಿ ಕೇಳುತ್ತಾಳೆ. ಮೇಷ್ಟ್ರು ಕನ್ನಡದಲ್ಲೇ ಇನ್ನೊಮ್ಮೆ ಹೇಳುತ್ತಾರೆ. ವಿಟಿಯು ಬಯಸುವ 85 ಪರ್ಸೆಂಟ್ ಹಾಜರಾತಿ ಕಡಿಮೆಯಾದರೆ ಎರಡನೇ ವಾರಕ್ಕೇ ಮನೆಗೆ ಫೋನ್ ಬರುತ್ತದೆ. ಮನೆಯಲ್ಲಿ ಮೊದಲ ಸಲ ಇಂಜಿನಿಯರಿಂಗ್ ಸೇರುವವರಿಗೆ, ಮೊದಲ ಸೆಮಿಸ್ಟರಿನ ಗಣಿತದಲ್ಲಿ ಎಡವಿದರೆ ಹಿಡಿದೆತ್ತುವವರು ಬೇಕಾದವರಿಗೆ, ಚೆನ್ನಾಗಿ ನಡೆಯುವ ಸಣ್ಣ ಕಾಲೇಜನ್ನು ನಾನು ಯಾವ ಅಳುಕೂ ಇಲ್ಲದೆ ಸೂಚಿಸುತ್ತೇನೆ.

ಹೈಸ್ಕೂಲಿನಿಂದಲೇ ಕೋಡಿಂಗ್ ಹುಚ್ಚು ಹಿಡಿಸಿಕೊಂಡ ಹುಡುಗನ ವಿಷಯ ಬೇರೆ. ಅವನಿಗೆ ಮೇಷ್ಟ್ರಿಗಿಂತ ಹೆಚ್ಚಾಗಿ ಜೊತೆಗಾರರು ಬೇಕು. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ತಂಡಕ್ಕೆ ಒಂದೇ ಕಾಲೇಜಿನ 6 ಜನ ಬೇಕು, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಬೇಕು. ಅಷ್ಟು ಆಸಕ್ತರು ಇಡೀ ಕಾಲೇಜಿನಲ್ಲಿ ಸಿಗದಿದ್ದರೆ ಅವನು ನಾಲ್ಕು ವರ್ಷ ಒಂಟಿ. ಅಂಥವನು ಬ್ರಾಂಚಿನಲ್ಲಿ ಸ್ವಲ್ಪ ರಾಜಿಯಾದರೂ ಮಕ್ಕಳು ಹೆಚ್ಚಿರುವ ಕಡೆಗೆ ಹೋಗುವುದು ಮೇಲು.

ಆಪ್ಷನ್ ಪಟ್ಟಿಯಲ್ಲಿ ಎಲ್ಲಿ ಇಡಬೇಕು

ಇಷ್ಟೆಲ್ಲ ನೋಡಿ ಒಪ್ಪಿದ ಸಣ್ಣ ಕಾಲೇಜನ್ನು ಪಟ್ಟಿಯ ತಳಕ್ಕೆ ಹಾಕುವುದು ಎಲ್ಲಕ್ಕಿಂತ ಸಾಮಾನ್ಯವಾದ ಎಡವಟ್ಟು. ಕೆಇಎ ತಂತ್ರಾಂಶ ಮೇಲಿನಿಂದ ಕೆಳಗೆ ಹುಡುಕುತ್ತಾ ಬಂದು ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಆಪ್ಷನ್ ಕೊಟ್ಟು ನಿಲ್ಲುತ್ತದೆ. ಅದರ ಕೆಳಗಿನವು ಆ ಸುತ್ತಿನಲ್ಲಿ ಲೆಕ್ಕಕ್ಕಿಲ್ಲ. 'ನೋಡೋಣ, ಸಿಕ್ಕರೆ ಸಿಗಲಿ' ಅಂತ ಹೆಸರುವಾಸಿ ಕಾಲೇಜಿನ ಬೇಡದ ಬ್ರಾಂಚೊಂದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಒಪ್ಪಿದ ಕಾಲೇಜು ಕೈತಪ್ಪುತ್ತದೆ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ದಿನ ನೋಡಬೇಕಾದ್ದು ಇದನ್ನೇ: ಈಗ ತೋರಿಸುತ್ತಿರುವ ಸೀಟೇ ನಿಜವಾಗಿ ಸಿಕ್ಕರೆ ನಾಳೆ ಬೆಳಿಗ್ಗೆ ಹೋಗಿ ಸೇರುತ್ತೀರಾ? ಇಲ್ಲ ಅನ್ನುವುದಾದರೆ ಆ ಆಪ್ಷನ್ ತೆಗೆದುಹಾಕಿ. ಮಾಕ್ ಆದ ಮೇಲೆ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ.

ಮೊದಲ ಸುತ್ತಿನಲ್ಲಿ ಒಪ್ಪಿದ ಕಾಲೇಜೇ ಸಿಕ್ಕರೆ, ಮೇಲಿನ ಆಪ್ಷನ್‌ಗಳ ಮೇಲೆ ಆಸೆ ಇಲ್ಲದಿದ್ದರೆ ಚಾಯ್ಸ್ 1 ಕೊಟ್ಟು ಸೇರಿಬಿಡಿ. ಇನ್ನೂ ಮೇಲಿನದಕ್ಕೆ ಪ್ರಯತ್ನಿಸುವುದಾದರೆ ಚಾಯ್ಸ್ 2. ಇದರಲ್ಲಿ ಮೇಲಿನದು ಸಿಕ್ಕ ಕೂಡಲೇ ಕೆಳಗಿನ ಸೀಟು ತಾನಾಗಿಯೇ ರದ್ದಾಗುತ್ತದೆ, ಹಿಂದಕ್ಕೆ ಬರಲು ಆಗುವುದಿಲ್ಲ. ಆದ್ದರಿಂದ ಚಾಯ್ಸ್ 2 ಒತ್ತುವ ಮುಂಚೆ ಮೇಲುಳಿದ ಪ್ರತಿಯೊಂದು ಆಪ್ಷನ್ನನ್ನೂ ಇನ್ನೊಮ್ಮೆ ಓದಿ. ಚಾಯ್ಸ್ 3 ಅಂದರೆ ಕೈಯಲ್ಲಿರುವ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಅಂದರೆ ಕೆಇಎ ಪ್ರಕ್ರಿಯೆಯಿಂದಲೇ ಹೊರಬರುವುದು. ಯಾವ ಹಂತದಲ್ಲಿ ಎಷ್ಟು ಶುಲ್ಕ ಕಟ್ಟಬೇಕು ಅನ್ನುವುದು ವರ್ಷಕ್ಕೊಮ್ಮೆ ಬದಲಾಗುವುದರಿಂದ ಆ ವರ್ಷದ ಸೂಚನೆಯನ್ನೇ ಓದಬೇಕು, ಹೋದ ವರ್ಷ ಸೇರಿದ ಅಣ್ಣನ ಮಾತು ನೆಚ್ಚಿಕೊಂಡು ಕೂರಬಾರದು. ಸೈಬರ್ ಸೆಂಟರಿನಲ್ಲಿ ಪಟ್ಟಿ ಹಾಕಿಸುತ್ತಿದ್ದರೆ ಕೊನೆಯಲ್ಲಿ ಪ್ರಿಂಟ್ ತೆಗೆಸಿಕೊಂಡು, ಕಾಲೇಜಿನ ಕೋಡನ್ನೂ ಬ್ರಾಂಚಿನ ಕೋಡನ್ನೂ ಒಂದೊಂದಾಗಿ ಟಿಕ್ ಹಾಕುತ್ತಾ ನೋಡಿ. ಒಂದೇ ಸಂಸ್ಥೆಯ ಹೆಸರಿನಲ್ಲಿ ಬೇರೆ ಬೇರೆ ಊರಿನಲ್ಲಿ ಕಾಲೇಜುಗಳಿರುತ್ತವೆ. ಹೆಸರು ಒಂದೇ ಥರ ಕಂಡರೂ ಕೋಡು ಬೇರೆ, ನೀವು ಹೋಗಿ ನೋಡಿ ಬಂದ ಲ್ಯಾಬು ಆ ಒಂದು ಕೋಡಿನದ್ದು ಮಾತ್ರ.